ದೊರೆಯ ಕಾರನ್ನು ಕೊಂದ ಕೈ

"ನನ್ನ ತಮ್ಮನ್ನ ಕೈಬಿಡಬ್ಯಾಡಿ" ಅಂದಿದ್ದಳು ನಿಂಗಾಜಿ, ಸಾಯುವಾಗ ಗಂಡ ಜವರಯ್ಯನಿಗೆ. ಆಮೇಲೆ ಮಾತಾಡಲಿಲ್ಲ. ಅವಳ ತಿಥಿ ಮುಗಿಯುವ ಮೊದಲೇ ಕೋಟೆಯ ಡಂಗುರ ಬಂತು.

"ದೊರೆಯ ಹಳೇ ಕಾರು ಓಡುತ್ತಾ ಓಡುತ್ತಾ ಸಾಯುತ್ತಿದೆ. ಮೂರು ಒಗಟು ಬಿಡಿಸಿದವರು ಕೇಳಿದ್ದು ಪಡೆಯಬಹುದು. ತಪ್ಪಿದವರಿಗೆ ನೇಣು. ಯಾರೂ ಬಿಡಿಸದಿದ್ದರೆ ಹುಣ್ಣಿಮೆಗೆ ಡ್ರೈವರ್ ಚೆಲುವನಿಗೂ ನೇಣು."

ಚೆಲುವ ನಿಂಗಾಜಿಯ ತಮ್ಮ. ಎಣ್ಣೆ ಮಾರುವ ಜವರಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದ.

ಕೋಟೆ ಬಾಗಿಲ ಹುಣಸೆಮರದಲ್ಲಿ ಒಬ್ಬ ಆಗಲೇ ತೂಗುತ್ತಿದ್ದ. ಪೆಟ್ರೋಲಿಗೆ ನೀರು ಬೆರೆತಿದೆ ಅಂದವನು. ಒಳಗೆ ಜೋಯಿಸನೊಬ್ಬ "ಶನಿದೃಷ್ಟಿ" ಅಂದ. ದೊರೆ ಬೆರಳಾಡಿಸಿದ. ಎಳೆದೊಯ್ದರು.

"ನೀನ್ಯಾರಯ್ಯ?"

"ಎಣ್ಣೆ ಜವರಯ್ಯ, ಬುದ್ಧಿ."

"ಕಾರು ಗೊತ್ತೋ?"

"ಹತ್ತಿಲ್ಲ."

"ಹಗ್ಗ ಗೊತ್ತೋ?"

"ಬರ್ತಾ ನೋಡ್ದೆ."

ದೊರೆ ನಗಲಿಲ್ಲ. "ಟ್ಯಾಂಕು ತುಂಬಿದ್ದರೂ ಹಸಿದು ಸಾಯುತ್ತೆ. ಯಾವ ಹಸಿವು ಅದು? ಸತ್ತದ್ದು, ಯಾರೂ ಮುಟ್ಟದಿದ್ದರೂ ಸ್ವಲ್ಪ ಹೊತ್ತಿಗೆ ಏಳುತ್ತೆ. ಎಬ್ಬಿಸುವವರು ಯಾರು? ಕೊಲ್ಲುವ ಕೈ ಯಾವುದು? ಹೇಳು, ಕಡಿಸುತ್ತೇನೆ."

"ಒಂದ್ಸಲ ಓಡಿಸಿ, ಬುದ್ಧಿ."

ಬೇಡಿ ಬಿಚ್ಚಿ ಚೆಲುವನನ್ನು ಕೂರಿಸಿದರು. ಕಾರು ಕೋಟೆ ಸುತ್ತಿ ಬಂದು, ಕೆಮ್ಮಿ, ಅಂಗಳದಲ್ಲೇ ಸತ್ತಿತು. ಜವರಯ್ಯ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಟ್ಯಾಂಕು ಉಸ್ಸೆಂದು ಗಾಳಿ ಒಳಗೆಳೆದುಕೊಂಡಿತು.

"ಗಾಳಿ ಹಸಿವು, ಬುದ್ಧಿ. ನಮ್ಮ ಎಣ್ಣೆ ಡಬ್ಬಕ್ಕೂ ಎರಡು ತೂತು ಹೊಡೀತೀವಿ. ಒಂದ್ರಲ್ಲಿ ಗಾಳಿ ಹೋದ್ರೇನೇ ಇನ್ನೊಂದ್ರಲ್ಲಿ ಎಣ್ಣೆ ಬರೋದು. ಈ ಮುಚ್ಚಳದ ತೂತು ಕಟ್ಟಿದೆ. ನಿಂತಾಗ ಸಂದೀಲಿ ಚೂರು ಗಾಳಿ ನುಸುಳುತ್ತೆ. ಎಬ್ಬಿಸೋದು ಅದೇ."

"ಕಟ್ಟಿದ ಕೈ?"

ಮುಚ್ಚಳದ ಮೇಲೆ ಗಂಧ, ಕುಂಕುಮ ಒಣಗಿ ಹೊಪ್ಪಳೆಗಟ್ಟಿ ತೂತು ಮುಚ್ಚಿತ್ತು. ಆಯುಧಪೂಜೆಗೆ ಆ ಕಾರಿಗೆ ಗಂಧ ಬಳಿಯುವ ಕೈ ರಾಜ್ಯದಲ್ಲಿ ಒಂದೇ. ಬಳಿದದ್ದನ್ನು ಒರೆಸುವುದು ಅಪಶಕುನ.

"ಬ್ಯಾಡ, ಭಾವ," ಅಂದ ಚೆಲುವ, ಮೆಲ್ಲಗೆ.

ಜವರಯ್ಯ ಮುಚ್ಚಳವನ್ನು ದೊರೆಯ ಮುಂದೆ ಹಿಡಿದ. "ನಿಮ್ದೇ, ದೊರೆ."

ಹೊರಗೆ ಹುಣಸೆ ಕೊಂಬೆ ಕಿರುಗುಟ್ಟಿತು. ಈಗ ಇಬ್ಬರ ಭಾರ ಅದಕ್ಕೆ.

ದೊರೆ ತನ್ನ ಬಲಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಉಗುರಿನಿಂದ ತಾನೇ ಗಂಧ ಕೆರೆದ. ಕಾರು ಘಟ್ಟ ಹತ್ತಿತು, ಇಳಿಯಿತು, ನಿಲ್ಲಲಿಲ್ಲ.

"ಏನು ಬೇಕು?" ಅಂದ ದೊರೆ.

"ಅವನು," ಅಂದ ಜವರಯ್ಯ, ಚೆಲುವನ ಕಡೆ ಕೈ ತೋರಿಸಿ.

ಮರುದಿನ ಬೆಳಿಗ್ಗೆ ಜವರಯ್ಯ ಒಲೆ ಹಚ್ಚಿದ. ರೂಢಿಯಂತೆ ಮೂರು ಮುದ್ದೆ ಕಟ್ಟಿದ. ಚೆಲುವ ಅಕ್ಕನ ತಟ್ಟೆಯ ಕಡೆ ನೋಡಿದ. ಮೂರನೆಯದನ್ನು ಮುರಿದು ಇಬ್ಬರೂ ಹಂಚಿಕೊಂಡರು.