ಸದ್ದಡಗಿಸಿದ ಜೀಪು

ಆಶ್ರಮದ ಹೊಳೆಯಜ್ಜನ ಜೀಪು ನರ್ಮದೆಗೆ ಹೊರಟಾಗ ಊರವರು ನೋಡಿದ್ದು ಜೀಪನ್ನಲ್ಲ, ಅದರೊಳಗೆ ಕೂತ ತುಳಸವ್ವನನ್ನು.

ನೋಡದೆ ಇರುತ್ತಾರೆಯೇ? ತಾಳಿ ಕಟ್ಟಿದವನನ್ನು ಬಿಟ್ಟು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುವ ಪೆಟ್ಟಿಗೆ ಮಾಸ್ತರನ ಹಿಂದೆ ಹೋದವಳು. ಈಗ ಮಾಸ್ತರ ಸತ್ತಿದ್ದ. ಅವನ ಹೆಂಡತಿ ಬೂದಿ ಮುಟ್ಟಲಿಲ್ಲ. ಈಕೆ ಅದನ್ನು ಗಡಿಗೆಗೆ ತುಂಬಿಕೊಂಡು, ಎದೆಗವಚಿಕೊಂಡು, ಆಶ್ರಮದ ಜೀಪು ಹತ್ತಿದ್ದಳು. ಕೇಳಿದರೆ, ಅಜ್ಜನೇ ಬಾ ಅಂದನಂತೆ!

ಜೀಪು ಹೊಡೆಯುವ ಶಿಷ್ಯ ವಿರುಪಣ್ಣನಿಗೆ ಕುತ್ತಿಗೆವರೆಗೂ ಸಿಟ್ಟು. ನರ್ಮದೆಯ ದಡದಲ್ಲಿ, ಹುಣ್ಣಿಮೆಯ ದಿನ, ಹೊತ್ತು ಮುಳುಗುವುದರೊಳಗೆ ಅವನಿಗೆ ಕಾವಿ ಕೊಡುತ್ತೇನೆಂದು ಅಜ್ಜ ಮಾತು ಕೊಟ್ಟಿದ್ದ. ಅಂಥ ಯಾತ್ರೆಗೆ ಇಂಥ ಜೊತೆ!

ಮೇಲಾಗಿ ಆ ಜೀಪಿನ ಸದ್ದು. ಚಕ್ರಗಳ ಮೇಲೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಸ್ಪ್ರಿಂಗ್ ಪಾಟಾಗಳು ಕುಲುಕಿದಾಗೆಲ್ಲ ಕಿರುಗುಟ್ಟುತ್ತಿದ್ದವು. ಒಂದೂರಿನ ಚಹಾದಂಗಡಿಯಲ್ಲಿ ಯಾವನೋ ಕೂಗಿದ:

"ಯಾಕ್ರೀ ಸ್ವಾಮಿ, ಹೊಸಾ ಗಂಡ-ಹೆಂಡ್ತಿ ಮಂಚ ಹೇರಿಕೊಂಡು ಹೊಂಟೀರೇನು?"

ಅಂಗಡಿಗೆ ಅಂಗಡಿಯೇ ನಕ್ಕಿತು. ತುಳಸವ್ವನೂ ನಕ್ಕಳು, ಬಾಯಿಗೆ ಸೆರಗು ಅಡ್ಡ ಹಿಡಿದು.

ಮರುದಿನ ಅಜ್ಜ ಸ್ನಾನಕ್ಕೆ ಹೋದದ್ದೇ ತಡ, ವಿರುಪಣ್ಣ ಜೀಪಿನಡಿ ನುಸುಳಿ ಎರಡೂ ಕಡೆಯ ಪಾಟಾಗಳನ್ನು ತಂತಿ ಸುತ್ತಿ ಬಿಗಿದ. ಮಿಸುಕಬಾರದು, ಹಾಗೆ.

ಜೀಪು ಮೂಕಾಯಿತು.

ತೇಗದ ಕಾಡು ಬಂತು. ಗಾಳಿ ಇಲ್ಲದೆಯೂ ಎಲೆ ಉದುರುತ್ತಿದ್ದವು. ಬಿಸಿಲು ಮಂಜಿನಂತೆ ಕವಿದಿತ್ತು. ದೂರದ ಗುಡ್ಡಗಳು ಹತ್ತಿರ ಹೋದಷ್ಟೂ ಹಿಂದೆ ಸರಿಯುತ್ತಿದ್ದವು. ಯಾವ ಸೀಮೆಯೋ, ಎಷ್ಟು ಹೊತ್ತೋ, ಮೂವರಿಗೂ ಮರೆತಿತ್ತು.

ಒಂದು ಹಳ್ಳ ದಾಟುವಾಗ ಫಟ್ ಅಂದಿತು. ಜೀಪು ಕುಡಿದವನ ಹಾಗೆ ಒಂದು ಮಗ್ಗುಲಿಗೆ ವಾಲಿ ನಿಂತಿತು.

ವಿರುಪಣ್ಣ ಕೆಳಗೆ ಬಗ್ಗಿ ನೋಡಿದ. ಪಾಟಾ ಮುರಿದಿತ್ತು.

"ಎಷ್ಟು ಚಂದ ಬಿಗಿದಿದ್ನಿರೀ ಅಜ್ಜಾರ! ಉಸಿರು ಬಿಟ್ಟಿದ್ದಿಲ್ಲ."

"ಒಂದರ ಮ್ಯಾಲ ಒಂದು ಜಾರೂದು ಅದರ ಕೆಲಸ," ಅಂದ ಅಜ್ಜ. "ಜಾರಾಕ ಬಿಡಲಿಲ್ಲಂದ್ರ ಏನು ಮಾಡೀತು?"

"ಭಾರಾನೂ ಹೆಚ್ಚಾಗೇತಿ ಬಿಡ್ರಿ." ವಿರುಪಣ್ಣನ ಕಣ್ಣು ತುಳಸವ್ವನ ಮೇಲಿತ್ತು.

ಆಕೆ ಬಿಟ್ಟಾಳೆಯೇ? "ನನ್ನ ಮಾಸ್ತರ ಒಂದು ಸೇರೂ ಉಳಿದಿಲ್ಲೋ ತಮ್ಮಾ. ಮೊದಲ ನಿನ್ನ ಮಾರಿ ಮ್ಯಾಲಿನ ಸಿಟ್ಟು ತೂಗು."

ಅಜ್ಜ ಕಾಡಿನಿಂದ ಒಂದು ಮರದ ತುಂಡು ಹುಡುಕಿ ತಂದ. ವಿರುಪಣ್ಣ ಜಾಕ್ ಕೊಟ್ಟು ಎತ್ತಿ, ಮುರಿದ ಕಡೆ ತುಂಡನ್ನು ಒತ್ತಿಟ್ಟು ಹಗ್ಗ ಬಿಗಿದ.

"ಆ ಕಡೀ ತಂತಿ ಬಿಚ್ಚು," ಅಂದ ಅಜ್ಜ.

"ಬಿಚ್ಚಿದ್ರ ಮತ್ತ ಕಿರುಗುಟ್ಟತೈತ್ರಿ. ಮುಂದ ಊರೈತಿ. ಮಂದಿ ಏನಂದಾರು?"

"ಮಂಚ ಅಂದಾರು."

ವಿರುಪಣ್ಣ ಬಹಳ ಹೊತ್ತು ಜೀಪಿನಡಿಯಲ್ಲೇ ಮಲಗಿದ್ದ. ಆಮೇಲೆ ತಂತಿ ಕತ್ತರಿಸಿದ ಸಪ್ಪಳ ಕೇಳಿತು.

ಜೀಪು ಕಿರುಗುಟ್ಟುತ್ತ ಊರು ಹೊಕ್ಕಿತು. ಕಟ್ಟೆಯ ಮೇಲಿದ್ದವರು ಏನೋ ಅಂದು ನಕ್ಕರು. ಭಾಷೆ ತಿಳಿಯಲಿಲ್ಲ, ನಗು ತಿಳಿಯಿತು. ವಿರುಪಣ್ಣನ ಕಿವಿ ಕೆಂಪಾದವು. ಆದರೂ ನಿಲ್ಲಿಸಲಿಲ್ಲ.

ಊರು ದಾಟಿದ ಮೇಲೆ ಕನ್ನಡಿ ನೋಡಿದ. ಧರ್ಮಶಾಲೆಗಳಲ್ಲಿ ರಾತ್ರಿಯಿಡೀ ಗಡಿಗೆ ಕಾಯುತ್ತ ಗೋಡೆಗೊರಗಿ ಕೂತೇ ಇರುತ್ತಿದ್ದವಳು, ಈಗ ಗಡಿಗೆಯ ಮೇಲೆ ಕೆನ್ನೆ ಇಟ್ಟಿದ್ದಳು. ಜೀಪು ಕಿರ್ ಅಂದಾಗೊಮ್ಮೆ ಆಕೆಯ ತಲೆ ತೊಟ್ಟಿಲ ಕೂಸಿನಂತೆ ಅತ್ತ ಇತ್ತ ಆಡುತ್ತಿತ್ತು.

ಅಂದೇ ಹುಣ್ಣಿಮೆ. ಹೊತ್ತು ಗುಡ್ಡಕ್ಕೆ ತಾಗಿತ್ತು. ನರ್ಮದೆ ಗುಡ್ಡದಾಚೆ.

"ಅಜ್ಜಾರ," ಅಂದ ವಿರುಪಣ್ಣ, "ಇನ್ನೀಟು ಜೋರು ಹೊಡೆದ್ರ ಮುಟ್ಟತೀವಿ. ಇಲ್ಲಂದ್ರ ನನ್ನ ಕಾವಿ ತಪ್ಪಿದಂಗ."

ಅಜ್ಜ ಹಿಂದೆ ತಿರುಗಿ ನೋಡಿದ.

"ಮೆಲ್ಲಕ ಹೊಡಿ. ಆಕಿಗೆ ಈಗ ನಿದ್ದಿ ಹತ್ತೈತಿ."