ಮಾದರಿ ಗುಂಡಿನ ಮುದ್ರೆ

“ಬುದ್ಧಿ, ದೀಕ್ಷೆ ಪಡೆದು ಹತ್ತು ವರ್ಷವಾದವನು ದಾರಿ ತಪ್ಪಿದರೆ ಅವನನ್ನು ಮಠದಲ್ಲಿ ಇಟ್ಟುಕೊಳ್ಳಬೇಕೆ?” ಎಂದು ಮರಿಬಸವ ಗುರುಗಳನ್ನು ಕೇಳಿದ.

ಅವನು ಕೇಳಿದ್ದು ಕೆಂಚಯ್ಯನ ವಿಷಯ. ಕೆಂಚಯ್ಯ ಆಗಲೇ ಬಟ್ಟೆಗಂಟು ಕಟ್ಟಿಕೊಂಡು ಬಾಗಿಲ ಹೊರಗೆ ಕೂತಿದ್ದ. ಗುರುಗಳು ಹೂಂ ಎಂದರೆ ಎದ್ದು ಹೋಗಬೇಕು. ಹೋಗಲು ಅವನಿಗೆ ಬೇರೆ ಜಾಗವಿರಲಿಲ್ಲ.

“ತಪ್ಪಿದ್ದಾನೆಂದು ನಿನಗೆ ಹೇಗೆ ತಿಳಿಯಿತು?”

“ನಾವು ನಲವತ್ತು ಜನ ಒಂದೇ ಥರ ನಡೆಯುತ್ತೇವೆ, ಅವನೊಬ್ಬನದೇ ಬೇರೆ. ನಿಮ್ಮ ನಡೆಗೆ ಹೋಲಿಸಿ ನೋಡಿದೆವು ಬುದ್ಧಿ, ತಾಳೆಯಾಗಲಿಲ್ಲ.”

“ಬಹಳ ಅವಸರ ನಿನಗೆ. ಕೂತುಕೋ,” ಎಂದು ಗುರುಗಳು ಕತೆ ಶುರುಮಾಡಿದರು.

ಬೆಟ್ಟದ ಮೇಲೆ ಒಂದು ಊರು. ಆ ಊರಿನವರಿಗೆ ಗುಂಡು ಉರುಳಿಸುವ ಆಟದ ಹುಚ್ಚು. ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳ, ಆ ತುದಿಯಲ್ಲಿ ಪುಟ್ಟ ಬಿಳಿ ಗುಂಡು. ಮರದ ದೊಡ್ಡ ಗುಂಡುಗಳನ್ನು ಅದರ ಹತ್ತಿರಕ್ಕೆ ಉರುಳಿಸಬೇಕು. ದೊಡ್ಡ ಗುಂಡು ನೆಟ್ಟಗೆ ಹೋಗುವುದಿಲ್ಲ. ನಗಬೇಡ, ಅದನ್ನು ಮಾಡಿರುವುದೇ ಹಾಗೆ; ಉರುಳುತ್ತ ಒಂದು ಮಗ್ಗುಲಿಗೆ ಬಾಗುತ್ತದೆ. ಎಷ್ಟು ಬಾಗಬೇಕೆಂಬುದಕ್ಕೆ ಕಟ್ಟಳೆ ಉಂಟು. ಅದನ್ನು ನೋಡಲು ಒಬ್ಬ ಪರೀಕ್ಷಕನಿದ್ದ.

ಅವನ ಬಳಿ ಒಂದು ಉದ್ದ ಮೇಜು, ಒಂದು ಮಾದರಿ ಗುಂಡು. ಮೊದಲು ಮಾದರಿಯನ್ನು ಉರುಳಿಸುವನು, ಆಮೇಲೆ ಆಟಗಾರನದನ್ನು. ಮಾದರಿಗಿಂತ ಕಡಿಮೆ ಬಾಗಿದರೆ ಒಂದು ಮಗ್ಗುಲು ಹೆರೆದು ಸರಿಮಾಡುವನು. ಸರಿಯಾದ ಮೇಲೆ ವರ್ಷದ ಮುದ್ರೆ ಒತ್ತುವನು. ಮುದ್ರೆಗೆ ಆಯುಸ್ಸು ಹತ್ತು ವರ್ಷ. ಅಲ್ಲಿಯವರೆಗೆ ಆ ಗುಂಡನ್ನು ಯಾರೂ ಕೇಳುವಂತಿಲ್ಲ.

ಒಂದು ವರ್ಷ, ಬಂದ ಗುಂಡುಗಳೆಲ್ಲ ಸ್ವಲ್ಪ ಕಡಿಮೆ ಬಾಗಿದವು. ಪರೀಕ್ಷಕ ಹೆರೆದ. ಮರುವರ್ಷ ಇನ್ನೂ ಕಡಿಮೆ. ಇನ್ನಷ್ಟು ಹೆರೆದ. ಈಗಿನವರಿಗೆ ಗುಂಡು ಕಾಪಾಡಿಕೊಳ್ಳಲೂ ಬರುವುದಿಲ್ಲ ಎಂದು ಬೈದುಕೊಂಡ.

ಹೀಗಿರುವಾಗ ಒಬ್ಬ ಹೆಂಗಸು ತನ್ನ ನಾಲ್ಕು ಗುಂಡು ತಂದಳು. ಅವುಗಳ ಮುದ್ರೆಗೆ ಅದೇ ಕೊನೆಯ ವರ್ಷ.

“ಅಣ್ಣಾ, ಮುದ್ರೆ ಇದ್ದರೂ ನನ್ನ ಗುಂಡು ಎಲ್ಲರದರಂತೆ ಬಾಗುವುದಿಲ್ಲವೆಂದು ಅಂಗಳದಲ್ಲಿ ನನ್ನನ್ನು ಮೋಸಗಾತಿ ಅನ್ನುತ್ತಾರೆ. ಇನ್ನು ಕಾಲಿಡಬೇಡ ಅಂದಿದ್ದಾರೆ. ನೀವೇ ನೋಡಿ ಹೇಳಿ.”

ಪರೀಕ್ಷಕ ಉರುಳಿಸಿದ. ಅವಳ ಗುಂಡು ಮಾದರಿಗಿಂತ ಎರಡು ಗೇಣು ಕಡಿಮೆ ಬಾಗಿ ನಿಂತಿತು. “ಇದೇನಮ್ಮ, ಇದು ಬಾಗುವುದೇ ಇಲ್ಲವಲ್ಲ!” ಎಂದ.

“ಹತ್ತು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಸರಿ ಎಂದು ಮುದ್ರೆ ಒತ್ತಿದವರು ನೀವೇ. ಆಮೇಲೆ ಇದನ್ನು ಯಾರೂ ಮುಟ್ಟಿಲ್ಲ. ನಿಮ್ಮ ಮಾದರಿಯ ಮುದ್ರೆ ಯಾವ ವರ್ಷದ್ದಣ್ಣ?”

ಪರೀಕ್ಷಕನಿಗೆ ನಗು ಬಂತು. ಹಾಗೆ ಕೇಳಿದವರು ಈವರೆಗೆ ಯಾರೂ ಇರಲಿಲ್ಲ. ಮಾದರಿಯನ್ನು ಮಗುಚಿ ನೋಡಿದ. ಮುದ್ರೆ ಇರಬೇಕಾದ ಕಡೆ ಬರೀ ನುಣುಪು. ದಿನವೂ ಹಿಡಿದು ಹಿಡಿದು ಅವನ ಹೆಬ್ಬೆರಳೇ ಅದನ್ನು ಅಳಿಸಿತ್ತು. ಮುದ್ರೆಯೇ ಸವೆದ ಮೇಲೆ ಗುಂಡು ಸವೆಯದೆ ಇದ್ದೀತೆ? ಸವೆದಷ್ಟೂ ಅದು ವರ್ಷವರ್ಷವೂ ಹೆಚ್ಚು ಬಾಗುತ್ತ ಬಂದಿತ್ತು.

ಹೊರಗೆ ಊರಿನವರು ಗುಂಡು ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲದರ ಮೇಲೂ ಇದ್ದದ್ದು ಅವನದೇ ಮುದ್ರೆ. ಇವಳೊಬ್ಬಳ ಗುಂಡು ಸರಿಯಾದರೆ ಊರಿನ ಗುಂಡುಗಳೆಲ್ಲ ಸುಳ್ಳು. ಅವಳ ನಾಲ್ಕು ಗುಂಡುಗಳನ್ನೂ ಹೆರೆದ. ಮುದ್ರೆ ಒತ್ತಿ ಕೊಟ್ಟ.

ಆ ಸಂಜೆ, ಬಹಳ ವರ್ಷಗಳ ಮೇಲೆ, ಅವನು ಅಂಗಳಕ್ಕೆ ಹೋದ. ಬಿಳಿ ಗುಂಡು ಎದುರಿಗೇ ಇತ್ತು. ಒಬ್ಬನೂ ಅದರತ್ತ ನೋಡುತ್ತಿರಲಿಲ್ಲ. ಎಲ್ಲರೂ ಅದಕ್ಕೆ ಅರ್ಧ ಬೆನ್ನು ಹಾಕಿ, ಏನೂ ಇಲ್ಲದ ಒಂದು ಮೂಲೆಗೆ ಮುಖ ಮಾಡಿ ಗುಂಡು ಬಿಡುತ್ತಿದ್ದರು. ಗುಂಡು ಸದ್ದಿಲ್ಲದೆ ದೂರ ಹೋಗಿ, ಬಳಸಿಕೊಂಡು ಬಂದು, ಬಿಳಿ ಗುಂಡನ್ನು ಮುಟ್ಟುತ್ತಿತ್ತು. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಆ ಹೆಂಗಸಿನ ಸರದಿ ಬಂತು. ಬಿಳಿ ಗುಂಡನ್ನೇ ನೋಡುತ್ತ ಮೊದಲನೆಯದನ್ನು ಬಿಟ್ಟಳು. ಅದು ಎಲ್ಲಿಗೋ ಹೋಯಿತು. ಎರಡನೆಯದಕ್ಕೆ ಅವಳ ಕತ್ತು ಸ್ವಲ್ಪ ಹೊರಳಿತು. ನಾಲ್ಕನೆಯದಕ್ಕೆ ಅವಳೂ ಆ ಮೂಲೆಯನ್ನೇ ನೋಡುತ್ತಿದ್ದಳು.

“ಭೇಷ್!” ಎಂದು ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು. ಕೂಗುವಾಗಲೂ ಅವರ ಮುಖ ಮೂಲೆಯ ಕಡೆಗೇ ಇತ್ತು. ಅಲ್ಲಿಂದ ಓಡಿಹೋಗೋಣವೆಂದು ಪರೀಕ್ಷಕ ಕೆಳಗೆ ನೋಡಿದ. ಅವನ ಪಾದಗಳೂ ಆ ಮೂಲೆಗೇ ತಿರುಗಿದ್ದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹೊರಗೆ ಕೆಂಚಯ್ಯ ಕೆಮ್ಮಿದ್ದು ಕೇಳಿಸಿತು.

“ಅಯ್ಯೋ ಬುದ್ಧಿ,” ಎಂದ ಮರಿಬಸವ, “ಆ ಮಾದರಿ ಗುಂಡನ್ನು ಅಷ್ಟು ವರ್ಷ ಒಬ್ಬರಾದರೂ ಮಗುಚಿ ನೋಡಬಾರದಿತ್ತೆ?”

“ಕೆಂಚಯ್ಯನನ್ನು ನನಗೆ ಹೋಲಿಸಿದೆಯಲ್ಲ, ಮಗೂ, ನನ್ನ ಮುದ್ರೆಯ ವರ್ಷ ನೋಡಿದೆಯಾ?” ಎಂದರು ಗುರುಗಳು.

ಮರಿಬಸವ ಎದ್ದು ಹೋಗಿ ಕೆಂಚಯ್ಯನ ಬಟ್ಟೆಗಂಟನ್ನು ಒಳಗೆ ತಂದಿಟ್ಟ.