ರೀವದ ನೆತ್ತಿ ಕಪ್ಪಾದದ್ದು

ಲೋಕ ಆಗಷ್ಟೇ ಹುಟ್ಟಿತ್ತು, ಕಡಲಿಗೆ ಹಾಕಿದ ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ. ಆ ಕಾಲದಲ್ಲಿ ರೀವ ಹಕ್ಕಿ ನೆತ್ತಿಯಿಂದ ಬಾಲದವರೆಗೂ ಬೆಳ್ಳಗಿತ್ತು.

ಒಂದು ಬೇಸಿಗೆಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ಮರಳಿನ ಮೇಲೆ ರೀವ ಮೊಟ್ಟೆ ಇಟ್ಟಿತು. ಗೂಡಿಲ್ಲ, ಒಂದು ಕಡ್ಡಿಯೂ ಇಲ್ಲ. ಮೊಟ್ಟೆಯ ಬಣ್ಣವೂ ಮರಳಿನದೇ.

“ಇದೆಂಥ ಸೋಮಾರಿತನ ಮಾರಾಯ್ತಿ!” ಎಂದು ನೀರಂಚಿನಲ್ಲಿ ಓಡಾಡುತ್ತಿದ್ದ ಗೊರವ ಹಕ್ಕಿ ನಕ್ಕಿತು.

“ಕಾಣದ್ದನ್ನು ಕದಿಯೋರು ಯಾರು?” ಎಂದಿತು ರೀವ. ಕದಿಯುವವರ ಬಗ್ಗೆ ಯೋಚಿಸಿತ್ತು. ತುಳಿಯುವವರ ಬಗ್ಗೆ ಯೋಚಿಸಿರಲಿಲ್ಲ, ಪಾಪ!

ಅಂದೇ ಮೀನುಗಾರರು ಬಂದರು. ಕಡಲಿಗೆ ಬಲೆ ಬಿಟ್ಟು, ದಡದಲ್ಲಿ ಸಾಲಾಗಿ ನಿಂತು ಹಗ್ಗ ಎಳೆಯತೊಡಗಿದರು. ಬಲೆ ಎಳೆಯುವವರ ಕಣ್ಣು ಕಡಲಿನ ಕಡೆ, ಹೆಜ್ಜೆ ಹಿಂದಕ್ಕೆ. ಅವರ ಹಿಂದೆಯೇ ಮೊಟ್ಟೆಗಳಿದ್ದವು.

ಹಗ್ಗ ಬಂತು. ಹೆಜ್ಜೆ ಹಿಂದೆ ಬಂತು.

ರೀವ ಅವರ ಬೆನ್ನ ಹಿಂದೆ ಕಿರುಚಿತು. ಯಾರೂ ತಿರುಗಲಿಲ್ಲ. “ಗಾಳಿ, ಗಾಳಿ, ನನ್ನ ಕೂಗು ಅವರಿಗೆ ಮುಟ್ಟಿಸು!”

“ನಾನು ಕಡಲಿಂದ ಬೀಸ್ತಿದ್ದೇನೆ ಕಣೆ. ನಿನ್ನ ಕೂಗು ಹಿಂದಕ್ಕೇ ಹಾರಿಹೋಗುತ್ತೆ,” ಎಂದಿತು ಗಾಳಿ. ಅದಕ್ಕೂ ಸಂಕಟವಾಗಿತ್ತು.

ಹಗ್ಗ ಬಂತು. ಹೆಜ್ಜೆ ಇನ್ನೂ ಹಿಂದೆ ಬಂತು.

ಅವರ ಕಣ್ಣಿಗಾದರೂ ಬೀಳೋಣ ಎಂದು ರೀವ ಮುಂದೆ ಹಾರಿ, ನೀರಿಗೆ ಧುಮುಕಿ, ಎದ್ದು, ಮತ್ತೆ ಧುಮುಕಿತು. ಆಗಲೇ ಕೆಲಸ ಕೆಟ್ಟಿತು. ಬಲೆಯ ಮುಂದಾಳು ದುಗ್ಗ ತಾಂಡೇಲ ಕುಣಿದಾಡಿಬಿಟ್ಟ.

“ಹಕ್ಕಿ ಮುಳುಗ್ತ್ ಕಾಣಿ! ಮೀನ್ ಅಲ್ಲೇ ಇತ್ತ್! ಜೋರ್ ಮಾಡಿ ಮಕ್ಳೇ!”

ಎಲ್ಲರೂ ದಡದಡನೆ ಹಿಂದೆ ಸರಿದರು. ದುಗ್ಗನ ಹಿಮ್ಮಡಿ ಎದ್ದಿತು, ಇನ್ನು ಇಳಿಯುವುದು ಮೊಟ್ಟೆಗಳ ಮೇಲೆಯೇ.

ರೀವಕ್ಕೆ ಬೇರೆ ದಾರಿ ಇರಲಿಲ್ಲ. ನೇರ ಬಂದು ಅವನ ನೆತ್ತಿಗೆ ಕುಕ್ಕಿತು. “ಅಯ್ಯಮ್ಮಾ!” ಎಂದು ದುಗ್ಗ ಕೈ ಬೀಸಿದ. ಬೆಳಿಗ್ಗೆ ದೋಣಿಗೆ ಬಳಿದಿದ್ದ ಕಪ್ಪೆಣ್ಣೆ ಆ ಕೈಯಲ್ಲಿ ಇನ್ನೂ ಅಂಟಂಟಾಗಿತ್ತು. ಅದು ತಾಗಿ ರೀವದ ನೆತ್ತಿ ಪೂರ್ತಿ ಕಪ್ಪಾಯಿತು. ಆದರೂ ಅದು ಹಾರಿಹೋಗಲಿಲ್ಲ. ಅವನ ಕಾಲಿನ ಕೆಳಗೇ ನುಗ್ಗಿ, ರೆಕ್ಕೆ ಹರಡಿ ಕೂತಿತು.

ದುಗ್ಗ ಒಂಟಿಗಾಲಿನಲ್ಲಿ ನಿಂತು ಕೆಳಗೆ ನೋಡಿದ. ಹಗ್ಗ ಕೈಬಿಟ್ಟ.

“ನಿಲ್ಲಿ! ಒಬ್ರೂ ಹಿಂದೆ ಹೆಜ್ಜೆ ಇಡ್ಬೇಡಿ!”

ಸಡಿಲಾದ ಬಲೆಯಿಂದ ಮೀನೆಲ್ಲ ತಪ್ಪಿಸಿಕೊಂಡಿತು. “ಹೋಯ್ಲಿ. ಮೀನ್ ನಾಳೆಗೂ ಸಿಕ್ಕತ್,” ಎಂದ ದುಗ್ಗ.

ಅಂದಿನಿಂದ, ಮಗಾ, ಬೇಸಿಗೆ ಬಂದು ಮೊಟ್ಟೆಯಿಡುವ ಹೊತ್ತಿಗೆ ರೀವದ ನೆತ್ತಿ ಕಪ್ಪಾಗುತ್ತದೆ. ಅಳಿವೆಯ ಮರಳಲ್ಲಿ ಅದು ಕಿರುಚುತ್ತ ನಿನ್ನ ತಲೆಯ ಮೇಲೇ ಎರಗಿದರೆ ಅದನ್ನು ಬೈಯಬೇಡ, ಎತ್ತಿದ ಕಾಲನ್ನು ಇಳಿಸುವ ಮೊದಲು ಕೆಳಗೆ ನೋಡು.